ಕನ್ನಡ ಕಿರುತೆರೆಯ ಮೇಲೆ ಅಂತರಜಾಲ ವಿಡಿಯೊದ ಪ್ರಭಾವ

ಕೈಯಲ್ಲಿ ಹಿಡಿದು ಒಯ್ಯಬಹುದಾದ ಮೊಬೈಲ್, ಟ್ಯಾಬ್ಲೆಟ್‌ಗಳಂತಹ ಸಾಧನಗಳಲ್ಲಿ ಅಂತರಜಾಲದ ಮೂಲಕ ವಿಡಿಯೊ ನೋಡುವ ಪದ್ಧತಿಯು ಕನ್ನಡ ಕಿರುತೆರೆಯ ತಯಾರಿಕೆ, ವಿತರಣೆ ಮತ್ತು ಒಡೆತನದ ರೂಢಿಗಳನ್ನು ಬದಲಿಸಿರುವ ಬಗೆಯನ್ನು ಈ ಲೇಖನ ವಿವರಿಸುತ್ತದೆ. ಜಗತ್ತಿನಲ್ಲಿ ಈ ಬದಲಾವಣೆ 2005ರ ಸುಮಾರಿಗೆ ಆರಂಭವಾಯಿತು. ಕರ್ನಾಟಕದಲ್ಲಿ ಇದು ಮನೆಮನೆಗೆ ತಲುಪಿದ್ದು 2016ರ ನಂತರ. ಕನ್ನಡ ಧಾರಾವಾಹಿಗಳ ಚಿತ್ರೀಕರಣ ಸ್ಥಳಗಳು, ತಂತ್ರಜ್ಞರು, ಕಲಾವಿದರು ಮತ್ತು ಕೇಬಲ್ ವಿತರಕರ ದೊಡ್ಡ ಪಾಲು ಬೆಂಗಳೂರಿನಲ್ಲೇ ಇರುವುದರಿಂದ, ಅದರಲ್ಲೂ ದಕ್ಷಿಣ ಮತ್ತು ನೈಋತ್ಯ ಬಡಾವಣೆಗಳಲ್ಲಿ ಹರಡಿಕೊಂಡಿರುವುದರಿಂದ, ಲಾಭ ನಷ್ಟಗಳೆರಡೂ ಇಲ್ಲಿಯೇ ಮೊದಲು ಕಾಣಿಸಿಕೊಂಡವು.

ಹಿನ್ನೆಲೆ

ಭಾರತದಲ್ಲಿ ದೂರದರ್ಶನ ಪ್ರಸಾರವು 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. ಬೆಂಗಳೂರು ಕೇಂದ್ರ 1980ರ ದಶಕದಲ್ಲಿ ಬೆಳೆಯಿತು. ಅದರ ಕನ್ನಡ ವಾಹಿನಿ ಮುಂದೆ 'ಚಂದನ' ಎಂಬ ಹೆಸರು ಪಡೆಯಿತು. 1994ರಲ್ಲಿ ಉದಯ ಟಿವಿ, 2000ದಲ್ಲಿ ಈಟಿವಿ ಕನ್ನಡ, 2006ರಲ್ಲಿ ಜೀ಼ ಕನ್ನಡ, 2007ರಲ್ಲಿ ಸುವರ್ಣ ವಾಹಿನಿಗಳು ಬಂದವು. ಈಟಿವಿ ಕನ್ನಡವು 2015ರಲ್ಲಿ ಕಲರ್ಸ್ ಕನ್ನಡ ಎಂದು ಹೆಸರು ಬದಲಿಸಿಕೊಂಡಿತು.

ಈ ಉದ್ಯಮವು ಮೂರು ಕೊರತೆಗಳ ಮೇಲೆ ನಿಂತಿತ್ತು ಎನ್ನಬಹುದು. ಪ್ರಸಾರ ಮಾಡಬಲ್ಲವರು ಕೆಲವರೇ ಇದ್ದರು. ಸಂಜೆ 6ರಿಂದ ರಾತ್ರಿ 10ರವರೆಗಿನ ಬೆಲೆಬಾಳುವ ವೇಳೆ ಎಲ್ಲ ವಾಹಿನಿಗಳಿಗೂ ನಾಲ್ಕೇ ಗಂಟೆ. ಚಿತ್ರೀಕರಣ ಮತ್ತು ಸಂಕಲನದ ಉಪಕರಣಗಳು ದುಬಾರಿಯಾಗಿದ್ದು ಬಾಡಿಗೆಗೆ ಮಾತ್ರ ದೊರೆಯುತ್ತಿದ್ದವು. ಯಾವ ಕಥೆಯನ್ನು ಎಷ್ಟು ಗಂಟೆಗೆ ಎಷ್ಟು ದಿನ ನೋಡಬೇಕೆಂಬುದನ್ನು ವಾಹಿನಿ ನಿರ್ಧರಿಸುತ್ತಿತ್ತು. ನೋಡುವವರು ಆ ಗಂಟೆಗೆ ಅಡುಗೆ ಮುಗಿಸಿ ಕುಳಿತುಕೊಳ್ಳುತ್ತಿದ್ದರು.

2005ರ ಅಕ್ಟೋಬರ್‌ನಲ್ಲಿ ಆಪಲ್ ಸಂಸ್ಥೆ ವಿಡಿಯೊ ತೋರಿಸಬಲ್ಲ ಐಪಾಡ್ ಬಿಡುಗಡೆ ಮಾಡಿ, ಅಮೆರಿಕದ ಕೆಲವು ಜನಪ್ರಿಯ ಧಾರಾವಾಹಿಗಳ ಕಂತುಗಳನ್ನು ತಲಾ 1.99 ಡಾಲರಿಗೆ ಮಾರಲು ಆರಂಭಿಸಿತು. ಅದೇ ವರ್ಷ ಯೂಟ್ಯೂಬ್ ಹುಟ್ಟಿತು. 2008ರಲ್ಲಿ ಅದರ ಭಾರತೀಯ ಆವೃತ್ತಿ ಬಂದಿತು. ಆದರೆ ಬೆಂಗಳೂರಿನಂತಹ ನಗರದಲ್ಲಿಯೂ ಆಗ ಮೊಬೈಲ್ ವಿಡಿಯೊ ಎಂದರೆ ಬಹುಮಟ್ಟಿಗೆ ರೀಚಾರ್ಜ್ ಅಂಗಡಿಗಳಲ್ಲಿ ಮೆಮೊರಿ ಕಾರ್ಡಿಗೆ ತುಂಬಿಸಿಕೊಂಡು ಬರುತ್ತಿದ್ದ ಚಲನಚಿತ್ರ ಗೀತೆಗಳು ಮತ್ತು ಹಾಸ್ಯ ತುಣುಕುಗಳಷ್ಟೇ. 2016ರ ಸೆಪ್ಟೆಂಬರ್ 5ರಂದು ರಿಲಯನ್ಸ್ ಜಿಯೊ ಸೇವೆ ಆರಂಭವಾಗುವವರೆಗೆ 1 ಜಿಬಿ ಡೇಟಾಕ್ಕೆ ಸುಮಾರು 250 ರೂಪಾಯಿ ತೆರಬೇಕಾಗಿತ್ತು. ಅರ್ಧ ಗಂಟೆಯ ಧಾರಾವಾಹಿಯನ್ನು ಆ ಬೆಲೆಗೆ ಯಾರೂ ಮೊಬೈಲಿನಲ್ಲಿ ನೋಡುವಂತಿರಲಿಲ್ಲ. ದರ ಕುಸಿದ ಮೇಲೆ ಚಿತ್ರವೇ ಬದಲಾಯಿತು. 2015ರಲ್ಲಿ ಹಾಟ್‌ಸ್ಟಾರ್, 2016ರಲ್ಲಿ ವೂಟ್, 2017ರಲ್ಲಿ ಸನ್ ನೆಕ್ಸ್ಟ್, 2018ರಲ್ಲಿ ಜೀ಼5 ಬಂದಿದ್ದವು. ಕನ್ನಡದ ನಾಲ್ಕು ಪ್ರಮುಖ ಮನರಂಜನಾ ವಾಹಿನಿಗಳ ಒಡೆತನದ ಸಮೂಹಗಳೇ ಈ ನಾಲ್ಕನ್ನೂ ನಡೆಸುತ್ತಿದ್ದವೆಂಬುದು ಗಮನಾರ್ಹ. ಸವಾಲು ಹೊರಗಿನಿಂದ ಬಂದಷ್ಟೇ ಮನೆಯೊಳಗಿನಿಂದಲೂ ಬಂದಿತು.

ತಯಾರಿಕೆ

ಕನ್ನಡ ದೈನಿಕ ಧಾರಾವಾಹಿಗಳ ಚಿತ್ರೀಕರಣಕ್ಕೆ ದೊಡ್ಡ ಸ್ಟುಡಿಯೋಗಳ ಅವಲಂಬನೆ ಕಡಿಮೆ. ಉತ್ತರಹಳ್ಳಿ ಕಡೆಯ ಅಬ್ಬಾಯಿನಾಯ್ಡು ಸ್ಟುಡಿಯೋದಂತಹ ಹಳೆಯ ನೆಲೆಗಳಿದ್ದರೂ, ಬಹುಪಾಲು ಕೆಲಸ ನಡೆಯುವುದು ರಾಜರಾಜೇಶ್ವರಿನಗರ, ಬನಶಂಕರಿ, ಕೆಂಗೇರಿ ಸುತ್ತಿನ ಬಾಡಿಗೆ ಮನೆಗಳಲ್ಲಿ. ಮೆಟ್ಟಿಲು, ದೊಡ್ಡ ನಡುಮನೆ, ತುಳಸಿಕಟ್ಟೆ ಇರುವ ಮನೆಯೊಂದನ್ನು ಬಾಡಿಗೆಗೆ ಹಿಡಿದು, ಒಂದೇ ಮನೆಯಲ್ಲಿ ಶ್ರೀಮಂತರ ಬಂಗಲೆ, ಆಸ್ಪತ್ರೆ, ಪೊಲೀಸ್ ಠಾಣೆ ಎಲ್ಲವನ್ನೂ ತೋರಿಸುವ ಕೌಶಲ ಕನ್ನಡದ ತಂಡಗಳಿಗೆ ಬಹುಕಾಲದಿಂದ ಸಿದ್ಧಿಸಿದೆ. ಪ್ರತಿದಿನ ಒಂದು ಕಂತು ಪ್ರಸಾರವಾಗಬೇಕಾದುದರಿಂದ ದಿನಕ್ಕೆ ಒಂದು ಕಂತಿನ ಲೆಕ್ಕದಲ್ಲಿ ಚಿತ್ರೀಕರಣ ಸಾಗುತ್ತದೆ. ಕೆಲವು ಕಂತುಗಳನ್ನು ಮುಂಚಿತವಾಗಿ ಮುಗಿಸಿ 'ಬ್ಯಾಂಕ್' ಇಟ್ಟುಕೊಳ್ಳುವುದು ರೂಢಿ.

2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣದಿಂದ ಚಿತ್ರೀಕರಣ ನಿಂತಾಗ ಈ ಬ್ಯಾಂಕ್ ಕೆಲವೇ ದಿನಗಳಲ್ಲಿ ಬರಿದಾಯಿತು. ವಾಹಿನಿಗಳು ಹಳೆಯ ಕಂತುಗಳನ್ನು ಮರುಪ್ರಸಾರ ಮಾಡಿದವು. ದಿನಗೂಲಿಯ ಮೇಲೆ ಬದುಕುವ ಬೆಳಕಿನ ವಿಭಾಗದವರು, ಪ್ರಸಾಧನದವರು, ಊಟ ಒದಗಿಸುವವರು ಆದಾಯವಿಲ್ಲದೆ ಕುಳಿತರು. 2021ರ ಎರಡನೆಯ ಅಲೆಯಲ್ಲಿ ಹಲವು ತಂಡಗಳು ಹೈದರಾಬಾದಿನ ರಾಮೋಜಿ ಚಿತ್ರನಗರಿಗೆ ಹೋಗಿ ಚಿತ್ರೀಕರಣ ನಡೆಸಬೇಕಾಯಿತು. ಇದೇ ತಿಂಗಳುಗಳಲ್ಲಿ ಮನೆಯ ಕೋಣೆಯಲ್ಲಿ ಒಂದು ಮೊಬೈಲ್ ಮತ್ತು ಕಿಟಕಿಯ ಬೆಳಕು ಇಟ್ಟುಕೊಂಡವರು ಕಾರ್ಯಕ್ರಮ ಮಾಡುತ್ತಲೇ ಇದ್ದರು. ಐವತ್ತು ಜನರ ಯೂನಿಟ್ಟಿಗೂ ಒಬ್ಬನೇ ವ್ಯಕ್ತಿಯ ವಾಹಿನಿಗೂ ನಡುವಿನ ಅಂತರ ಆಗ ಎಲ್ಲರಿಗೂ ಕಂಡಿತು.

ಅಂತರಜಾಲ ವಿಡಿಯೊ ಹೊಸ ಬಗೆಯ ಕಾರ್ಯಕ್ರಮಗಳಿಗೆ ಎಡೆ ಮಾಡಿತು. ಕೆ.ಎಸ್.ಪರಮೇಶ್ವರ ಅವರ 'ಕಲಾಮಾಧ್ಯಮ' ಯೂಟ್ಯೂಬ್ ವಾಹಿನಿಯು ಪೋಷಕ ನಟರು, ತಂತ್ರಜ್ಞರು, ಮರೆತುಹೋದ ಹಿರಿಯ ಕಲಾವಿದರೊಡನೆ ಹಲವು ಭಾಗಗಳ ಸುದೀರ್ಘ ಸಂದರ್ಶನಗಳನ್ನು ನೀಡಿತು. ಅರ್ಧ ಗಂಟೆಯಲ್ಲಿ ಜಾಹೀರಾತು ಕಳೆದು 22 ನಿಮಿಷ ಉಳಿಯುವ ವಾಹಿನಿಯ ವೇಳಾಪಟ್ಟಿಯಲ್ಲಿ ಇಂತಹ ಮಾತಿಗೆ ಸ್ಥಳವಿರಲಿಲ್ಲ. ಕನ್ನಡ ಚಿತ್ರರಂಗದ ಮೌಖಿಕ ಇತಿಹಾಸದ ದೃಷ್ಟಿಯಿಂದ ಇವು ಬೆಲೆಯುಳ್ಳವು. 'ಡಾ. ಬ್ರೋ' ಎಂದೇ ಪರಿಚಿತರಾದ ಗಗನ್ ಶ್ರೀನಿವಾಸ್ ಕೈಯಲ್ಲಿ ಕ್ಯಾಮೆರಾ ಹಿಡಿದು ವಿದೇಶಗಳನ್ನು ಸುತ್ತಿ ಆಡುಗನ್ನಡದಲ್ಲಿ ವಿವರಿಸಿದರು. ಪ್ರವಾಸದ ಕಾರ್ಯಕ್ರಮಕ್ಕೆ ವಾಹಿನಿಯೊಂದು ತಂಡವನ್ನು ಕಳುಹಿಸಬೇಕಾದರೆ ತಗಲುವ ವೆಚ್ಚವನ್ನು ನೆನೆದರೆ ವ್ಯತ್ಯಾಸ ತಿಳಿಯುತ್ತದೆ. ಕಥಾರೂಪದಲ್ಲಿ, 2017ರಲ್ಲಿ ಸಕ್ಕತ್ ಸ್ಟುಡಿಯೋ ಹೊರತಂದ 'ಲೂಸ್ ಕನೆಕ್ಷನ್' ಕನ್ನಡದ ಆರಂಭಿಕ ವೆಬ್ ಸರಣಿಗಳಲ್ಲಿ ಒಂದು.

ಚಿತ್ರದ ಚೌಕಟ್ಟೂ ಬದಲಾಗಿದೆ. 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾದ ನಂತರ ಯೂಟ್ಯೂಬ್ ಶಾರ್ಟ್ಸ್ ಮತ್ತು ಇನ್‌ಸ್ಟಾಗ್ರಾಂ ರೀಲ್ಸ್ ಅದರ ಸ್ಥಾನವನ್ನು ತುಂಬಿದವು. ಲಂಬ ಚೌಕಟ್ಟಿನ ಒಂದು ನಿಮಿಷದ ತುಣುಕಿನಲ್ಲಿ ಮುಖವೊಂದೇ ಮುಖ್ಯ. ಈ ವಿಷಯದಲ್ಲಿ ಕನ್ನಡ ಧಾರಾವಾಹಿಗಳಿಗೆ ಹೆಚ್ಚಿನ ಕಷ್ಟವಾಗಲಿಲ್ಲ: ಮೂರು ಸಲ ತಿರುಗುವ ಮುಖದ ಸಮೀಪಚಿತ್ರ, ಜೊತೆಗೊಂದು ಗುಡುಗಿನ ಸದ್ದು, ಇವು ಸಣ್ಣ ಪರದೆಗೆಂದೇ ಹೊಲಿದಂತಿದ್ದವು. ವಾಹಿನಿಗಳು ಈಗ ಪ್ರತಿ ಕಂತಿನಿಂದಲೂ ಇಂತಹ ತುಣುಕುಗಳನ್ನು ಕತ್ತರಿಸಿ ಹಾಕುತ್ತವೆ. ಧಾರಾವಾಹಿಯ ಕಥೆಯನ್ನು ಈ ತುಣುಕುಗಳಿಂದಲೇ ತಿಳಿದುಕೊಂಡು ಪೂರ್ಣ ಕಂತನ್ನು ಎಂದೂ ನೋಡದ ಪ್ರೇಕ್ಷಕವರ್ಗವೊಂದು ಹುಟ್ಟಿಕೊಂಡಿದೆ.

ಒಡೆತನ

ತಯಾರಿಕೆಗಿಂತ ಹೆಚ್ಚು ತೂಕದ ಪ್ರಶ್ನೆ ಒಡೆತನದ್ದು. ದೂರದರ್ಶನದ ಪ್ರಾಯೋಜಿತ ಪದ್ಧತಿಯಲ್ಲಿ ನಿರ್ಮಾಪಕನು ಪ್ರಸಾರದ ವೇಳೆಗೆ ಶುಲ್ಕ ಕಟ್ಟಿ, ಜಾಹೀರಾತನ್ನು ತಾನೇ ಹುಡುಕಿಕೊಳ್ಳುತ್ತಿದ್ದನು. ಅಪಾಯ ಅವನದು, ಕೃತಿಯೂ ಅವನದೇ. ಖಾಸಗಿ ವಾಹಿನಿಗಳು ಬಂದ ಮೇಲೆ ಕಂತಿಗೆ ಇಷ್ಟೆಂದು ನಿಗದಿತ ಹಣ ಕೊಟ್ಟು ಕೃತಿಯ ಸಮಸ್ತ ಹಕ್ಕುಗಳನ್ನು ಬರೆಸಿಕೊಳ್ಳುವ ಪದ್ಧತಿ ನೆಲೆಯೂರಿತು. ಜಾಹೀರಾತು ಹುಡುಕುವ ತಾಪತ್ರಯ ತಪ್ಪಿದ್ದರಿಂದ ನಿರ್ಮಾಪಕರು ಇದನ್ನು ಸಂತೋಷದಿಂದಲೇ ಒಪ್ಪಿದರು. ಮರುಪ್ರಸಾರಕ್ಕೆ ದೊಡ್ಡ ಮಾರುಕಟ್ಟೆಯಿಲ್ಲದ ಆ ದಿನಗಳಲ್ಲಿ, ಪ್ರಸಾರವಾಗಿ ಮುಗಿದ ಕಂತಿಗೆ ಮುಂದೆ ಬೆಲೆ ಬಂದೀತೆಂದು ಊಹಿಸಿದವರು ವಿರಳ.

ಅಂತರಜಾಲವು ಹಳೆಯ ಕಂತಿಗೆ ಬೆಲೆ ತಂದಿತು. ಟಿ.ಎನ್.ಸೀತಾರಾಮ್, ಪಿ.ಶೇಷಾದ್ರಿ ಮತ್ತು ನಾಗೇಂದ್ರ ಶಾ ನಿರ್ದೇಶಿಸಿದ, 1998ರಲ್ಲಿ ದೂರದರ್ಶನದಲ್ಲಿ ಪ್ರಸಾರವಾದ 'ಮಾಯಾಮೃಗ' ಇದಕ್ಕೆ ಉತ್ತಮ ನಿದರ್ಶನ. ಎರಡು ದಶಕಗಳ ನಂತರ ಅದರ ಕಂತುಗಳನ್ನು ಭೂಮಿಕಾ ಟಾಕೀಸ್ ಹೆಸರಿನ ಯೂಟ್ಯೂಬ್ ವಾಹಿನಿಯಲ್ಲಿ ಹಾಕಿದಾಗ, ಮೊದಲ ಪ್ರಸಾರವನ್ನು ನೋಡಿದ್ದವರೂ ಆಗಿನ್ನೂ ಹುಟ್ಟಿರದವರೂ ನೋಡಿದರು. ಆ ಅಭಿಮಾನದ ಬಲದಿಂದಲೇ 2022ರಲ್ಲಿ 'ಮತ್ತೆ ಮಾಯಾಮೃಗ' ಎಂಬ ಮುಂದುವರಿದ ಭಾಗ ಸಿರಿ ಕನ್ನಡ ವಾಹಿನಿಯಲ್ಲಿ ಬಂದಿತು. ಅಂತರಜಾಲವು ಕಿರುತೆರೆಗೆ ಕಥೆಯನ್ನು ಹಿಂದಿರುಗಿಸಿದ ಅಪರೂಪದ ಪ್ರಸಂಗವಿದು. ಟಿ.ಎನ್.ಸೀತಾರಾಮ್ ಅವರ 'ಮಗಳು ಜಾನಕಿ' 2018ರಿಂದ ಕಲರ್ಸ್ ಸೂಪರ್ ವಾಹಿನಿಯಲ್ಲಿ ಪ್ರಸಾರವಾಗುತ್ತಿದ್ದು, 2020ರ ಲಾಕ್‌ಡೌನ್ ಕಾಲದಲ್ಲಿ ಕಥೆ ಮುಗಿಯುವ ಮೊದಲೇ ನಿಂತುಹೋಯಿತು. ಎರಡನ್ನೂ ಜೊತೆಗಿಟ್ಟು ನೋಡಿದರೆ, ಕಥೆಯ ಆಯುಷ್ಯವನ್ನು ನಿರ್ಧರಿಸುವ ಅಧಿಕಾರ ಎಲ್ಲಿದೆ ಎಂಬುದು ಸ್ಪಷ್ಟವಾಗುತ್ತದೆ.

ಯೂಟ್ಯೂಬಿನ ಒಪ್ಪಂದದಲ್ಲಿ ಕೃತಿಯ ಹಕ್ಕು ತಯಾರಕನಲ್ಲಿಯೇ ಉಳಿಯುತ್ತದೆ. ದೀರ್ಘ ವಿಡಿಯೊಗಳ ಜಾಹೀರಾತು ಆದಾಯದಲ್ಲಿ ಶೇ 55 ಅವನಿಗೆ ಸಲ್ಲುತ್ತದೆ. 2018ರಲ್ಲಿ ತಂದ ನಿಯಮದಂತೆ 1,000 ಚಂದಾದಾರರು ಮತ್ತು 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ ಇಲ್ಲದ ವಾಹಿನಿಗಳು ಈ ಪಾಲಿಗೆ ಅರ್ಹವಾಗಿರಲಿಲ್ಲ. ತಯಾರಿಕೆಯ ವೆಚ್ಚವನ್ನು ಮಾತ್ರ ಯೂಟ್ಯೂಬ್ ಕೊಡುವುದಿಲ್ಲ. ಆದ್ದರಿಂದ ಇಬ್ಬರು ಕುಳಿತು ಮಾತನಾಡುವ ಸಂದರ್ಶನ, ಅಡುಗೆ, ಪ್ರವಾಸ, ಸುದ್ದಿ ವಿಶ್ಲೇಷಣೆ ಇಲ್ಲಿ ಬೆಳೆದವು. ಹತ್ತು ಪಾತ್ರಗಳ ಕಥೆ ಬೆಳೆಯಲಿಲ್ಲ. ಒಂದು ಕಾದಂಬರಿಯನ್ನು ಧಾರಾವಾಹಿಯಾಗಿಸುವ ಹಂಬಲವುಳ್ಳ ನಿರ್ದೇಶಕನು ಇಂದಿಗೂ ಹಣಕ್ಕಾಗಿ ವಾಹಿನಿಯ ಅಥವಾ ಒಟಿಟಿ ಸಂಸ್ಥೆಯ ಬಾಗಿಲಿಗೇ ಹೋಗಬೇಕಾಗಿದೆ.

ಚಂದನ ವಾಹಿನಿಯ ಸ್ಥಿತಿ ಬೇರೆಯದು. ಡಾ. ನಾ.ಸೋಮೇಶ್ವರ ಅವರು 2002ರಿಂದ ನಡೆಸಿಕೊಂಡು ಬಂದಿರುವ, ಸರಿಯುತ್ತರಕ್ಕೆ ಪುಸ್ತಕವನ್ನು ಬಹುಮಾನವಾಗಿ ಕೊಡುವ 'ಥಟ್ ಅಂತ ಹೇಳಿ' ರಸಪ್ರಶ್ನೆ ಕಾರ್ಯಕ್ರಮವು ಈಗ ಯೂಟ್ಯೂಬಿನಲ್ಲಿಯೂ ದೊರೆಯುತ್ತದೆ. ರೇಟಿಂಗ್ ಪೈಪೋಟಿಯಲ್ಲಿ ಹಿಂದುಳಿದ ಸಾರ್ವಜನಿಕ ವಾಹಿನಿಗೆ ಮೊಬೈಲ್ ಹೊಸ ಪ್ರೇಕ್ಷಕರನ್ನು ಒದಗಿಸಿತು. ಪ್ರಸಾರ ಭಾರತಿ 2024ರ ನವೆಂಬರ್‌ನಲ್ಲಿ 'ವೇವ್ಸ್' ಎಂಬ ತನ್ನದೇ ಒಟಿಟಿಯನ್ನು ಆರಂಭಿಸಿತು.

ಒಟಿಟಿ ಮತ್ತು ಕನ್ನಡದ ಸ್ಥಾನ

ವಾಹಿನಿಗಳ ಹಿಡಿತದಿಂದ ಬಿಡುಗಡೆ ದೊರೆಯುವುದೆಂಬ ನಿರೀಕ್ಷೆಯನ್ನು ಒಟಿಟಿ ಸಂಸ್ಥೆಗಳು ಕನ್ನಡದ ಮಟ್ಟಿಗೆ ಪೂರ್ಣವಾಗಿ ನಿಜಗೊಳಿಸಲಿಲ್ಲ. 2020ರ ಜುಲೈನಲ್ಲಿ ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಪ್ರೊಡಕ್ಷನ್ಸ್‌ನ 'ಲಾ' ಮತ್ತು 'ಫ್ರೆಂಚ್ ಬಿರಿಯಾನಿ' ಚಿತ್ರಗಳು ಚಿತ್ರಮಂದಿರಕ್ಕೆ ಹೋಗದೆ ಅಮೆಜಾನ್ ಪ್ರೈಮ್‌ನಲ್ಲಿ ನೇರವಾಗಿ ಬಿಡುಗಡೆಯಾದವು. ಡ್ಯಾನಿಶ್ ಸೇಠ್ ಅಭಿನಯದ 'ಹಂಬಲ್ ಪೊಲಿಟಿಷಿಯನ್ ನೊಗ್‌ರಾಜ್' ಸರಣಿ 2022ರಲ್ಲಿ ವೂಟ್‌ನಲ್ಲಿ ಬಂದಿತು. ಆದರೆ ತೆಲುಗು, ತಮಿಳು, ಮಲಯಾಳಂಗಳಲ್ಲಿ ಒಟಿಟಿ ಸಂಸ್ಥೆಗಳೇ ಹಣ ಹೂಡಿ ಸರಣಿಗಳನ್ನು ತಯಾರಿಸುತ್ತಿದ್ದ ವರ್ಷಗಳಲ್ಲಿ ಕನ್ನಡದಲ್ಲಿ ಅಂತಹವು ಬೆರಳೆಣಿಕೆಯಷ್ಟೇ ಇದ್ದವು.

'ಏಕಂ' ಸರಣಿಯ ಕಥೆ ಇದನ್ನು ಚೆನ್ನಾಗಿ ತೋರಿಸುತ್ತದೆ. ರಕ್ಷಿತ್ ಶೆಟ್ಟಿಯವರ ಪರಂವಃ ಸಂಸ್ಥೆಯ ಬೆಂಬಲದಲ್ಲಿ ಸುಮಂತ್ ಭಟ್ ಮತ್ತು ಸಂದೀಪ್ ಪಿ.ಎಸ್. ರೂಪಿಸಿದ, ಕರಾವಳಿಯ ಹಿನ್ನೆಲೆಯ 7 ಕಥೆಗಳ ಈ ಸಂಕಲನಕ್ಕೆ 2020ರ ಆರಂಭದಲ್ಲಿ ಸಿದ್ಧತೆ ನಡೆದಿತ್ತು. ಪ್ರಕಾಶ್ ರಾಜ್, ರಾಜ್ ಬಿ.ಶೆಟ್ಟಿಯಂತಹ ಹೆಸರುವಾಸಿ ನಟರು ಇದರಲ್ಲಿದ್ದರು. 2021ರ ಹೊತ್ತಿಗೆ ಸರಣಿ ಸಿದ್ಧವಾಯಿತು. ಯಾವ ಒಟಿಟಿಯೂ ಅದನ್ನು ಕೊಳ್ಳಲಿಲ್ಲ. ಕೊನೆಗೆ 2024ರ ಜುಲೈ 13ರಂದು ತಂಡವು ತನ್ನದೇ ಜಾಲತಾಣವನ್ನು ಕಟ್ಟಿ, ಹಣ ಪಾವತಿಸಿ ನೋಡುವ ವ್ಯವಸ್ಥೆಯಲ್ಲಿ ಬಿಡುಗಡೆ ಮಾಡಿತು. ಈ ಮಾರ್ಗಕ್ಕೆ ಕನ್ನಡದಲ್ಲಿ ಪೂರ್ವನಿದರ್ಶನವಿತ್ತು. 110 ಜನರಿಂದ ಹಣ ಸಂಗ್ರಹಿಸಿ 'ಲೂಸಿಯಾ' ಚಿತ್ರವನ್ನು ನಿರ್ಮಿಸಿ 2013ರಲ್ಲಿ ತೆರೆಗೆ ತಂದ ಪವನ್ ಕುಮಾರ್, 'ಹೋಮ್ ಟಾಕೀಸ್' ಎಂಬ ಅಂತರಜಾಲ ವೇದಿಕೆಯ ಮೂಲಕ ಪ್ರೇಕ್ಷಕರಿಗೆ ನೇರವಾಗಿ ಚಿತ್ರ ತಲುಪಿಸಲು ಯತ್ನಿಸಿದ್ದರು. ಎರಡು ಪ್ರಯತ್ನಗಳ ನಡುವೆ ಹನ್ನೊಂದು ವರ್ಷ ಕಳೆದಿದ್ದರೂ ಕನ್ನಡದ ತಯಾರಕನು ಮತ್ತೆ ಸ್ವಂತ ಅಂಗಡಿಯನ್ನು ತಾನೇ ತೆರೆಯಬೇಕಾಯಿತು. ಜೀ಼5 ತನ್ನ ಮೊದಲ ಕನ್ನಡ ಮೂಲ ಸರಣಿ 'ಅಯ್ಯನ ಮನೆ'ಯನ್ನು ಪ್ರಕಟಿಸಿದ್ದು 2025ರ ಏಪ್ರಿಲ್‌ನಲ್ಲಿ.

ಡಬ್ಬಿಂಗ್ ವಿವಾದ

ಪರಭಾಷೆಯ ಕಾರ್ಯಕ್ರಮಗಳನ್ನು ಕನ್ನಡಕ್ಕೆ ಡಬ್ ಮಾಡುವುದಕ್ಕೆ 1960ರ ದಶಕದಿಂದ ಚಿತ್ರರಂಗದ ಸಂಘಟನೆಗಳ ವಿರೋಧವಿತ್ತು. 2012ರಲ್ಲಿ ಆಮಿರ್ ಖಾನ್ ಅವರ 'ಸತ್ಯಮೇವ ಜಯತೆ' ಹಲವು ಭಾರತೀಯ ಭಾಷೆಗಳಿಗೆ ಡಬ್ ಆದಾಗ ಕನ್ನಡದಲ್ಲಿ ಅದರ ಪ್ರಸಾರಕ್ಕೆ ತಡೆಯೊಡ್ಡಲಾಯಿತು. ಬೆಂಗಳೂರಿನ ಕನ್ನಡ ಗ್ರಾಹಕರ ಕೂಟವು ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ನೀಡಿತು. 2015ರ ಜುಲೈನಲ್ಲಿ ಆಯೋಗವು ಈ ತಡೆ ಸ್ಪರ್ಧಾ ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತಿತು.

ತೀರ್ಪಿನಷ್ಟೇ ಕೆಲಸವನ್ನು ಮೊಬೈಲ್ ಕೂಡ ಮಾಡಿತು. ಕೆಲವೇ ವಾಹಿನಿಗಳ ಕಚೇರಿಯ ಮುಂದೆ ಪ್ರತಿಭಟಿಸಿ ಕಾರ್ಯಕ್ರಮವೊಂದನ್ನು ನಿಲ್ಲಿಸಬಹುದು. ಪ್ರತಿಯೊಬ್ಬರ ಅಂಗೈಯಲ್ಲಿರುವ ಭಾಷೆಯ ಆಯ್ಕೆಪಟ್ಟಿಯನ್ನು ತಡೆಯಲಾಗದು. ಬಿಟಿಎಂ ಬಡಾವಣೆಯ ಪಿಜಿ ಕೋಣೆಗಳಲ್ಲಿ ತಮಿಳು, ತೆಲುಗು, ಮಲಯಾಳಂ, ಹಿಂದಿ ಮಾತನಾಡುವ ಯುವಕರು ತಮ್ಮ ತಮ್ಮ ಭಾಷೆಯಲ್ಲಿ ನೋಡುತ್ತಿದ್ದಾಗ, ಪಕ್ಕದ ಜಯನಗರದ ಕನ್ನಡಿಗನು ತನ್ನ ಭಾಷೆ ಆ ಪಟ್ಟಿಯಲ್ಲಿಲ್ಲವೇಕೆಂದು ಕೇಳುವುದು ಸಹಜವಾಗಿತ್ತು. 2020ರ ಲಾಕ್‌ಡೌನ್ ವೇಳೆ ಸ್ಟಾರ್ ಸುವರ್ಣ 'ಮಹಾಭಾರತ'ವನ್ನು, ಜೀ಼ ಕನ್ನಡ 'ಮಹಾನಾಯಕ' ಅಂಬೇಡ್ಕರ್ ಧಾರಾವಾಹಿಯನ್ನು ಕನ್ನಡಕ್ಕೆ ಡಬ್ ಮಾಡಿ ಪ್ರಸಾರ ಮಾಡಿದವು. 'ಮಹಾನಾಯಕ'ಕ್ಕೆ ಊರೂರುಗಳಲ್ಲಿ ಜನರೇ ಸ್ವಾಗತ ಫಲಕಗಳನ್ನು ಹಾಕಿದರು. ಡಬ್ಬಿಂಗ್‌ನಿಂದ ಸ್ಥಳೀಯ ಕಲಾವಿದರ ಕೆಲಸ ಕಡಿಮೆಯಾಗುವುದೆಂಬ ಹಳೆಯ ಆತಂಕ ಇದರಿಂದ ಅಳಿದಿಲ್ಲ. ಅಗ್ಗವಾಗಿ ದೊರೆಯುವ ಡಬ್ಬಿಂಗ್ ಕಾರ್ಯಕ್ರಮವು ಒಂದು ಮೂಲ ಧಾರಾವಾಹಿಯ ವೇಳೆಯನ್ನು ಹಿಡಿದುಕೊಳ್ಳುವುದು ನಿಜವೇ.

ವಿತರಣೆ ಮತ್ತು ಕೇಬಲ್ ಜಾಲ

1990ರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ ಮರದಿಂದ ಮರಕ್ಕೆ, ಮಹಡಿಯಿಂದ ಮಹಡಿಗೆ ತಂತಿ ಎಳೆದು ಕೇಬಲ್ ಟಿವಿ ಹರಡಿದವರು ಸ್ಥಳೀಯ ಸಣ್ಣ ಉದ್ಯಮಿಗಳು. ಪ್ರತಿ ತಿಂಗಳು ಮನೆಗೆ ಬಂದು ಹಣ ಪಡೆದು ಚೀಟಿ ಕೊಡುವ ಕೇಬಲ್ ಹುಡುಗನು ಬಡಾವಣೆಯ ಪರಿಚಿತ ಮುಖವಾಗಿದ್ದನು. ಡಿಜಿಟಲೀಕರಣದ ಎರಡನೆಯ ಹಂತದಲ್ಲಿ ಬೆಂಗಳೂರು ಮತ್ತು ಮೈಸೂರುಗಳಿಗೆ 2013ರ ಮಾರ್ಚ್ 31ರ ಗಡುವು ವಿಧಿಸಲಾಯಿತು; ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾಯಿತು. 2019ರ ಫೆಬ್ರುವರಿಯಲ್ಲಿ ಟ್ರಾಯ್‌ನ ಹೊಸ ದರ ಪದ್ಧತಿ ಬಂದು, 100 ವಾಹಿನಿಗಳವರೆಗೆ ತೆರಿಗೆ ಹೊರತುಪಡಿಸಿ 130 ರೂಪಾಯಿಗಳ ಜಾಲಶುಲ್ಕ, ಅದರ ಮೇಲೆ ವಾಹಿನಿಗಳ ಪ್ರತ್ಯೇಕ ಬೆಲೆ ಎಂದಾಯಿತು. ಬೇಕಾದುದಕ್ಕೆ ಮಾತ್ರ ಹಣ ಕೊಡುವ ಸ್ವಾತಂತ್ರ್ಯ ಇದರ ಉದ್ದೇಶ. ಬಿಲ್ಲು ಏರಿದ ಅನೇಕ ಮನೆಗಳು ಮೊಬೈಲಿನ ಕಡೆಗೆ ಮುಖ ಮಾಡಿದ್ದು ಫಲ.

ಎಲ್ಲ ಕೇಬಲ್ ಸಂಸ್ಥೆಗಳೂ ಸೋಲಲಿಲ್ಲ. ಬೆಂಗಳೂರಿನಲ್ಲಿ ನೆಲೆಗೊಂಡ ಎಸಿಟಿ ಸಂಸ್ಥೆ ಕೇಬಲ್ ವ್ಯವಹಾರದಿಂದ ಬ್ರಾಡ್‌ಬ್ಯಾಂಡ್‌ಗೆ ಹೊರಳಿ ದೊಡ್ಡದಾಯಿತು. ಸಣ್ಣ ವಿತರಕರಲ್ಲಿ ಹಲವರು ಅದೇ ಕಂಬಗಳ ಮೇಲೆ ಫೈಬರ್ ಎಳೆದು ಅಂತರಜಾಲ ಸಂಪರ್ಕ ಮಾರತೊಡಗಿದರು. ಹೀಗೆ, ದೂರದರ್ಶನದ ಕಾರ್ಯಕ್ರಮಗಳನ್ನು ಮನೆಗೆ ತಂದವರೇ ಅದರ ಎದುರಾಳಿಯನ್ನೂ ತಂದರು.

ಕ್ರೀಡೆಯಲ್ಲಿ ಈ ಪೈಪೋಟಿಯನ್ನು ಅಂಕಿಗಳಲ್ಲೇ ಕಾಣಬಹುದು. 2022ರ ಹರಾಜಿನಲ್ಲಿ 2023ರಿಂದ 2027ರವರೆಗಿನ ಐಪಿಎಲ್ ಪಂದ್ಯಗಳ ಭಾರತೀಯ ಉಪಖಂಡದ ದೂರದರ್ಶನ ಹಕ್ಕು 23,575 ಕೋಟಿ ರೂಪಾಯಿಗಳಿಗೂ, ಡಿಜಿಟಲ್ ಹಕ್ಕು 20,500 ಕೋಟಿ ರೂಪಾಯಿಗಳಿಗೂ ಹೋದವು. 2023ರಲ್ಲಿ ಜಿಯೊಸಿನಿಮಾ ಕನ್ನಡ ವಿವರಣೆಯೊಡನೆ ಪಂದ್ಯಗಳನ್ನು ಉಚಿತವಾಗಿ ತೋರಿಸಿತು.

ನೋಡುವ ರೀತಿಯಲ್ಲಾದ ಬದಲಾವಣೆ ಅಳೆಯಲು ಕಷ್ಟವಾದರೂ ಕಣ್ಣಿಗೆ ಬೀಳುವಂಥದು. 2017ರ ಜೂನ್‌ನಲ್ಲಿ ಯಲಚೇನಹಳ್ಳಿಯವರೆಗೆ ತೆರೆದ ಮೆಟ್ರೊ ಹಸಿರು ಮಾರ್ಗದಲ್ಲಿ ಜಯನಗರ, ಬನಶಂಕರಿ, ಜೆ.ಪಿ.ನಗರ ನಿಲ್ದಾಣಗಳ ನಡುವೆ ಹಿಂದಿನ ರಾತ್ರಿಯ ಕಂತನ್ನು ತುಂಡುತುಂಡಾಗಿ ನೋಡಿ ಮುಗಿಸುವ ಪ್ರಯಾಣಿಕರು ಸಾಮಾನ್ಯ. ಇದೇ ಜೆ.ಪಿ.ನಗರದಲ್ಲಿ 2004ರಿಂದ ನಡೆಯುತ್ತಿರುವ ರಂಗಶಂಕರದಲ್ಲಿ ನಾಟಕ ಆರಂಭವಾದ ಮೇಲೆ ಬಂದವರಿಗೆ ಪ್ರವೇಶವಿಲ್ಲ. ಕಿರುತೆರೆಯ ಅನೇಕ ನಟರು ಈ ರಂಗದಿಂದಲೇ ಬಂದವರಾಗಿದ್ದು, ವೇಳೆಗೆ ಬಂದು ಕುಳಿತ ಪ್ರೇಕ್ಷಕರ ಮುಂದೆಯೂ, ಯಾವ ಕ್ಷಣದಲ್ಲಾದರೂ ಬೆರಳಿನಿಂದ ಸರಿಸಿಬಿಡುವ ಪ್ರೇಕ್ಷಕರ ಮುಂದೆಯೂ ಅಭಿನಯಿಸುತ್ತಿದ್ದಾರೆ.

ಕಾನೂನು ಮತ್ತು ಸರ್ಕಾರದ ಕ್ರಮಗಳು

ದೂರದರ್ಶನ ವಾಹಿನಿಗಳು 1995ರ ಕೇಬಲ್ ಟೆಲಿವಿಷನ್ ಜಾಲ ನಿಯಂತ್ರಣ ಕಾಯ್ದೆಯ ಕಾರ್ಯಕ್ರಮ ಸಂಹಿತೆಗೆ ಒಳಪಟ್ಟಿವೆ. ಅಂತರಜಾಲ ವಿಡಿಯೊಗೆ 2021ರ ಫೆಬ್ರುವರಿಯ ಮಾಹಿತಿ ತಂತ್ರಜ್ಞಾನ ನಿಯಮಗಳು ಬರುವವರೆಗೆ ಅಂತಹ ಪ್ರತ್ಯೇಕ ಸಂಹಿತೆ ಇರಲಿಲ್ಲ. ಎರಡನ್ನೂ ಒಂದೇ ಚೌಕಟ್ಟಿಗೆ ತರುವ ಪ್ರಸಾರ ಸೇವೆಗಳ ಮಸೂದೆಯ ಕರಡು 2023ರ ನವೆಂಬರ್‌ನಲ್ಲಿ ಪ್ರಕಟವಾಯಿತು. ಸ್ವತಂತ್ರ ಯೂಟ್ಯೂಬ್ ತಯಾರಕರನ್ನೂ ಪ್ರಸಾರಕರೆಂದು ಪರಿಗಣಿಸಬಹುದೆಂಬ ಆತಂಕ 2024ರಲ್ಲಿ ವ್ಯಕ್ತವಾಗಿ ಚರ್ಚೆ ನಡೆಯಿತು.

ಕರ್ನಾಟಕ ವಿಧಾನಮಂಡಲವು 2024ರ ಜುಲೈನಲ್ಲಿ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿ ಮಸೂದೆಯನ್ನು ಅಂಗೀಕರಿಸಿತು. ಚಿತ್ರಮಂದಿರದ ಟಿಕೆಟ್ಟಿನ ಜೊತೆಗೆ ಚಂದಾ ಶುಲ್ಕದ ಮೇಲೂ ಶೇ 1ರಿಂದ ಶೇ 2ರವರೆಗೆ ಸೆಸ್ ವಿಧಿಸಿ, ಆ ಹಣವನ್ನು ಕಲಾವಿದರು ಮತ್ತು ಕಾರ್ಮಿಕರ ನಿಧಿಗೆ ಸೇರಿಸಲು ಇದು ಅವಕಾಶ ನೀಡುತ್ತದೆ. 2025–26ನೇ ಸಾಲಿನ ಆಯವ್ಯಯದಲ್ಲಿ ರಾಜ್ಯ ಸರ್ಕಾರವು ಕನ್ನಡ ಚಿತ್ರಗಳ ಪ್ರೋತ್ಸಾಹಕ್ಕಾಗಿ ತನ್ನದೇ ಒಟಿಟಿ ವೇದಿಕೆಯನ್ನು ರೂಪಿಸುವುದಾಗಿ ಘೋಷಿಸಿತು.